ಅಣ್ಣ ಹಾಕಿದ ಚಿಲಕ

ಜನವರಿ ೧೧

ಮಾನ್ಯರೇ,

ನೀವು ನನ್ನನ್ನು ಬಲ್ಲವರಲ್ಲ. ನಾನು ಹಲ್ಲು ಮಾಡುವವಳು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಆ ಅಚ್ಚಿಗೆ ಹೊಂದುವ ಹಲ್ಲು ಕಟ್ಟಿ ವಾಪಸು ಕಳಿಸುತ್ತೇನೆ. ಜನರ ಮುಖ ನಾನು ನೋಡುವುದಿಲ್ಲ, ದವಡೆ ಮಾತ್ರ ನೋಡುತ್ತೇನೆ.

ಕಳೆದ ತಿಂಗಳು ಬೇರೆ ಊರಿನಿಂದ ಒಂದು ಹುಡುಗಿಯ ಅಚ್ಚು ಬಂತು. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲುಗಳ ಅಕ್ಕಪಕ್ಕ ಬರಬೇಕಾದ ಸಣ್ಣ ಹಲ್ಲುಗಳು ಹುಟ್ಟೇ ಇರಲಿಲ್ಲ. ಕೋರೆಹಲ್ಲುಗಳು ಸರಿದು ಬಂದು ಆ ಜಾಗದಲ್ಲಿ ಓರೆಯಾಗಿ ನಿಂತಿದ್ದವು. ನನ್ನ ಬಾಯಿಯೂ ಹಾಗೇ ಇದೆ, ನನ್ನಮ್ಮನ ಬಾಯಿಯೂ ಹಾಗೇ ಇತ್ತು. ಇಂಥದ್ದು ರಕ್ತದಲ್ಲಿ ಬರುತ್ತದೆ ಎಂದು ನನಗೆ ಗೊತ್ತು. ಕೈಯಲ್ಲಿದ್ದ ಮೇಣ ಕೆಳಗಿಟ್ಟು ಆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹುಡುಗಿಯನ್ನು ಕೇಳಿದರು. ಆ ಹುಡುಗಿ, "ನಮ್ಮ ಕಡೆಯವರಿಗೆಲ್ಲಾ ಹಲ್ಲು ಹೀಗೇನೇ, ವಂಶವೃಕ್ಷ ಬರೆದ ತಾತ ಒಬ್ಬರಿದ್ದಾರೆ, ಅವರನ್ನೇ ಕೇಳಿ" ಎಂದು ನಿಮ್ಮ ವಿಳಾಸ ಕೊಟ್ಟಳಂತೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಅವಳ ತವರು ಹುಡುಕುತ್ತಿದ್ದೇನೆ. ಜನನ ನೋಂದಣಿ ಕಚೇರಿಗೆ ಅಲೆದೆ, ಹಳೆಯ ಶಾಲೆಗಳಿಗೆ ಅಲೆದೆ. ಎಲ್ಲ ಕಿಟಕಿಯಲ್ಲೂ ಒಂದೇ ಪ್ರಶ್ನೆ: "ಹುಟ್ಟಿದಾಗಿನ ಹೆಸರೇನಮ್ಮಾ?" ಅವಳು ಹೆಸರು ಬದಲಾಯಿಸಿಕೊಂಡಿದ್ದಳು. ಹಳೆಯ ಹೆಸರನ್ನು ನನಗೂ ಹೇಳಲಿಲ್ಲ. ಕಡೆಗೆ ಒಬ್ಬ ಗುಮಾಸ್ತ, "ಮೂಲ ಹುಡುಕಿ ಏನ್ ಮಾಡ್ತೀರಾ, ಆರಾಮಾಗಿರಿ" ಎಂದು ಬುದ್ಧಿ ಹೇಳಿ ಕಳಿಸಿದ.

ಅಮ್ಮನ ವಯಸ್ಸಿನ ಹೆಣ್ಣುಮಗಳು, ಮದುವೆಯಾಗದೆ ಮನೆ ಬಿಟ್ಟವಳು, ನಿಮ್ಮ ವಂಶದಲ್ಲಿ ಇದ್ದಳೇ? ಮೂಲ ತಿಳಿಯಬೇಕೆಂಬ ಆಸೆ, ಅಷ್ಟೇ. ಅವಳಿಗೆ ಒಬ್ಬ ಅಣ್ಣ ಇದ್ದನಂತೆ. ಅವನನ್ನು ಒಮ್ಮೆ ನೋಡಬೇಕಿತ್ತು.

ಇಂತಿ,
ಹಲ್ಲು ಮಾಡುವವಳು


ಫೆಬ್ರವರಿ ೨

ಶ್ರೀಮತಿಯವರಿಗೆ,

ತಮ್ಮ ಪತ್ರ ತಲುಪಿತು. ನಾನು ನಿವೃತ್ತ ನಕ್ಷೆಗಾರ. ಕಟ್ಟಡಗಳ ನಕ್ಷೆ ಬರೆಯುವುದನ್ನು ಬಿಟ್ಟ ಮೇಲೆ ನಮ್ಮ ವಂಶದ ನಕ್ಷೆಯನ್ನು ಕೈಗೆತ್ತಿಕೊಂಡೆ. ಮನೆ ಮನೆಗೆ ಹೋಗಿ, ಹಿರಿಯರನ್ನು ಕೇಳಿ, ಒಂದು ಗೆರೆಯನ್ನೂ ಊಹೆಯಿಂದ ಎಳೆಯದೆ ಬರೆದದ್ದು. ನಮ್ಮವರ ಪ್ರತಿಯೊಂದು ಮನೆಯಲ್ಲೂ ಅದರ ಪ್ರತಿ ಗಾಜು ಹಾಕಿಸಿಕೊಂಡು ಗೋಡೆಯ ಮೇಲಿದೆ.

ತಾವು ಹೇಳಿದಂಥ ಹೆಣ್ಣುಮಗಳು ಆ ವೃಕ್ಷದಲ್ಲಿಲ್ಲ. ಹಲ್ಲಿನ ವಿಷಯಕ್ಕೆ ಹೇಳುವುದಾದರೆ, ಲೋಕದಲ್ಲಿ ಹಲ್ಲು ಹುಟ್ಟದವರು ನಾವೊಬ್ಬರೇ ಅಲ್ಲ.

ಆದರೂ ವಿಚಾರಿಸುವುದು ನನ್ನ ಧರ್ಮ. ತಮ್ಮ ತಾಯಿಯವರು ಎಲ್ಲಿ ಇದ್ದರು, ಹೇಗಿದ್ದರು, ಕಡೆಗಾಲದಲ್ಲಿ ನೋವೇನಾದರೂ ಪಟ್ಟರೇ, ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದರೇ, ಇವಿಷ್ಟನ್ನು ತಿಳಿಸಿದರೆ ತಾಳೆ ನೋಡಬಹುದು.

ವಿಶ್ವಾಸಿ,
ನಕ್ಷೆಗಾರ


ಫೆಬ್ರವರಿ ೧೦

ಮಾನ್ಯರೇ,

ಸೂಜಿ! ನಾನು ಸೂಜಿಯ ಮಾತು ಎಲ್ಲಿ ಎತ್ತಿದ್ದೆ? ಎಡಗೈಯ ಮಾತು ಎಲ್ಲಿ ಎತ್ತಿದ್ದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿಮ್ಮ ಪತ್ರ ಓದಿ ಲ್ಯಾಬಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆಮೇಲೆ ಅಳು ಬಂತು, ಅದು ಬೇರೆ ವಿಷಯ.

ಹೌದು, ಅಮ್ಮ ಎಡಗೈಯವಳು. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟುಗಳ ಅಂಚು ಹೊಲಿದು ನನ್ನನ್ನು ಸಾಕಿದಳು. ಪಕ್ಕದಲ್ಲಿ ಕೂತವರ ಮೊಣಕೈಗೆ ತಾಗುತ್ತದೆಂದು ಅವಳಿಗೆ ಮೂಲೆಯ ಸ್ಟೂಲು ಕೊಟ್ಟಿದ್ದರು. ಕಡೆಗಾಲದಲ್ಲಿ ನೋವು ಪಟ್ಟಳು. ಬಹಳ ಪಟ್ಟಳು. ಕೇಳಿದಿರಲ್ಲ, ತಿಳಿದುಕೊಳ್ಳಿ.

ಇನ್ನು ಮುಚ್ಚುಮರೆ ಯಾಕೆ? ಆಸೆ ಗೀಸೆ ಅಂತ ಬರೆದದ್ದೆಲ್ಲ ಸುಳ್ಳು. ನಮ್ಮ ಮನೆಯಲ್ಲಿ ಯಾವ ಬಾಗಿಲಿಗೂ ಒಳಗಿನಿಂದ ಚಿಲಕ ಇರಲಿಲ್ಲ, ಬಚ್ಚಲಿಗೂ ಇರಲಿಲ್ಲ. ಮನೆ ಬದಲಾಯಿಸಿದಾಗಲೆಲ್ಲ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಚಿಲಕಗಳನ್ನು ಕೀಳುವುದು. ಯಾಕಮ್ಮಾ ಎಂದು ಕೇಳಿದರೆ ಬೈಯುತ್ತಿದ್ದಳು. ಆಸ್ಪತ್ರೆಯಲ್ಲಿ, ಜ್ವರ ನೆತ್ತಿಗೇರಿದಾಗ, ಹೇಳಿದಳು: "ಹೊಟ್ಟೇಲಿ ನೀನಿದ್ದೆ. ಅಣ್ಣ ಕತ್ತು ಹಿಡಿದು ಆಚೆಗೆ ತಳ್ಳಿ, ಒಳಗಿಂದ ಚಿಲಕ ಹಾಕಿಬಿಟ್ಟ. ಬಡಿದೆ, ಬಡಿದೆ, ತೆಗೀಲೇ ಇಲ್ಲ."

ನನಗೆ ಆ ಅಣ್ಣ ಬೇಕು. ಬದುಕಿದ್ದರೆ ಅವನ ಹೆಂಡತಿ ಮಕ್ಕಳ ಮುಂದೆ, ಬೀದಿಯವರ ಮುಂದೆ, ಅವನು ಮಾಡಿದ್ದನ್ನು ಕೂಗಿ ಹೇಳಬೇಕು. ಅವನು ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ನೋಡಬೇಕು. "ಬಡವನ ಕೋಪ ದವಡೆಗೆ ಮೂಲ" ಎಂದು ನನ್ನ ಜೊತೆ ಕೆಲಸ ಮಾಡುವವಳು ಎಚ್ಚರಿಸುತ್ತಾಳೆ. ದವಡೆ ಹೋದರೆ ಹೋಗಲಿ, ಇನ್ನೊಂದು ಮಾಡಿಕೊಳ್ಳುತ್ತೇನೆ.

ನೀವು ಅಮ್ಮನನ್ನು ಬಲ್ಲಿರಿ. ಅವಳಿಗೆ ನೀವೇನಾಗಬೇಕು ಎಂದು ಹೇಳುವ ಮನಸ್ಸಿಲ್ಲದಿದ್ದರೆ ಬೇಡ. ಆ ಅಣ್ಣ ಯಾರು, ಅಷ್ಟು ಹೇಳಿ.

ಹಲ್ಲು ಮಾಡುವವಳು


ಮಾರ್ಚ್ ೧೫

ಶ್ರೀಮತಿಯವರಿಗೆ,

ತಮ್ಮ ಭಾಷೆ ಒರಟಾಗಿದೆ. ಆದರೂ ಸುದ್ದಿ ತಿಳಿದು ದುಃಖವಾಯಿತು. ಉತ್ತರಿಸಲು ತಡವಾದದ್ದು ಅದೇ ಕಾರಣಕ್ಕೆ.

ಅವಳು ನಮ್ಮವಳೇ. ಆ ಬಗ್ಗೆ ಇನ್ನು ವಾದವಿಲ್ಲ. ವೃಕ್ಷದಲ್ಲಿ ಆಕೆಯ ಹೆಸರಿಲ್ಲದಿರುವುದು ಹಿರಿಯರ ತೀರ್ಮಾನ. ಹಿರಿಯರ ಮಾತಿನಂತೆ ಗೆರೆ ಎಳೆಯುವುದು ನನ್ನ ಕೆಲಸ, ಆ ಮಾತನ್ನು ಅಳಿಸುವುದಲ್ಲ.

ಸತ್ತವರ ಕಥೆ ಕೆದಕಬೇಡಿ ಎಂಬುದು ನನ್ನ ಸಲಹೆ. ತಾವು ಕೇಳುವವರಲ್ಲ. ಹೀಗಾಗಿ ಇಷ್ಟು ಹೇಳುತ್ತೇನೆ: ನಮ್ಮವರೆಲ್ಲ ಅಣ್ಣ ಎಂದು ಕರೆಯುವವರಲ್ಲಿ ಈಗ ಬದುಕಿರುವುದು ಒಬ್ಬರೇ. ತಮ್ಮ ತಾಯಿಗೆ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಹಿರಿಯರು. ಕಿಟಕಿ, ಕನ್ನಡಿ, ಫೋಟೋಗಳಿಗೆ ಗಾಜು ಕತ್ತರಿಸುವ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ವಿಳಾಸ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಮುಂದಿನದು ತಮಗೆ ಬಿಟ್ಟದ್ದು.

ವಿಶ್ವಾಸಿ,
ನಕ್ಷೆಗಾರ


ಮಾರ್ಚ್ ೨೮

ಮಾನ್ಯರೇ,

ಹೋಗಿ ಬಂದೆ. ಮಾಡಿ ಬಂದೆ!

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಬೇಕೆಂತಲೇ ಜನ ಸೇರುವ ಹೊತ್ತು ನೋಡಿಕೊಂಡು ಹೋಗಿದ್ದೆ. ಮುದುಕ ಬಗ್ಗಿ ಗಾಜಿನ ಮೇಲೆ ಗೆರೆ ಹಾಕುತ್ತಿದ್ದ. ಗಲ್ಲಾದಲ್ಲಿ ಒಬ್ಬ ಹುಡುಗಿ ಕೂತು ಯಾರ ಹತ್ತಿರವೋ ನಗುತ್ತಿದ್ದಳು. ಆ ನಗು ನೋಡಿ ನಾನು ಬೆಚ್ಚಿದೆ. ಅವಳ ಬಾಯಲ್ಲಿದ್ದದ್ದು ನಾನು ಮಾಡಿದ ಹಲ್ಲುಗಳೇ. ಮೊಮ್ಮಗಳಂತೆ.

"ನಿಮ್ಮನ್ನ ಎಲ್ಲರೂ ಅಣ್ಣ ಅಂತಾರಲ್ಲಾ?" ಎಂದೆ. "ಹೌದಮ್ಮಾ, ಯಾವ ಸೈಜು ಬೇಕು?" ಎಂದ. ಸೈಜು! ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಬಸುರಿ ತಂಗಿಯನ್ನು ಕತ್ತು ಹಿಡಿದು ನೂಕಿದವನು ನೀನಲ್ಲವಾ, ಅವಳು ಬಾಗಿಲು ಬಡಿಯುವಾಗ ಒಳಗೆ ಕೂತು ಕೇಳಿಸಿಕೊಂಡೆಯಲ್ಲ, ಅವಳು ಪರರ ಪ್ಯಾಂಟಿನ ಅಂಚು ಹೊಲಿದು ಸತ್ತಳು, ಆ ಹೊಟ್ಟೆಯೊಳಗಿದ್ದವಳು ನಾನು. ಎದುರಿನ ಅಂಗಡಿಯವರೂ ಬಂದು ಬಾಗಿಲಲ್ಲಿ ನಿಂತರು. ನಾನು ಅಮ್ಮನ ಫೋಟೋ ತೆಗೆದು ಗಾಜಿನ ಮೇಲೆ ಇಟ್ಟೆ. ಅದನ್ನು ನೋಡುತ್ತಾ ಅವನ ಬಾಯಿ ಕಟ್ಟಿಹೋಯಿತು. ಮೊಮ್ಮಗಳು, "ಏನ್ ತಾತಾ ಇದು, ನಿಜಾನಾ?" ಎಂದು ಕೇಳಿದಳು. ಅವನು ಫೋಟೋದಿಂದ ಕಣ್ಣೆತ್ತಲಿಲ್ಲ. ಆ ಹುಡುಗಿ ಎದ್ದು ಒಳಗೆ ಹೋಗಿಬಿಟ್ಟಳು.

ಹೊಟ್ಟೆ ತಣ್ಣಗಾಯಿತು. ನಿಮಗೆ ಋಣಿ. ಒರಟಾಗಿ ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಹಲ್ಲು ಮಾಡುವವಳು


ಏಪ್ರಿಲ್ ೬

ಶ್ರೀಮತಿಯವರಿಗೆ,

ಪತ್ರ ತಲುಪಿತು. ಆದದ್ದು ಆಯಿತು. ತಮ್ಮ ಮನಸ್ಸಿಗೆ ಸಮಾಧಾನವಾಗಿದ್ದರೆ ಸಂತೋಷ. ಇಲ್ಲಿಗೆ ಈ ವಿಷಯ ಮುಗಿಯಿತೆಂದು ತಿಳಿಯುತ್ತೇನೆ.

ನಕ್ಷೆಗಾರ


ಮೇ ೩

ನಕ್ಷೆಗಾರರೇ,

ಮುಗಿಯಿತೇ? ಈಗ ಶುರು.

ಮೊನ್ನೆ ಲ್ಯಾಬಿಗೆ ಒಬ್ಬರು ಬಂದರು. ಗಾಜಿನ ಅಂಗಡಿಯ ಮುದುಕರು. ಬಸ್ಸಿನಲ್ಲಿ ಅಷ್ಟು ದೂರ ಒಬ್ಬರೇ ಬಂದಿದ್ದಾರೆ. ನಾನು ಅಲ್ಲೇ ಬಿಟ್ಟು ಬಂದಿದ್ದ, ಹಿಂಬದಿಯಲ್ಲಿ ಲ್ಯಾಬಿನ ವಿಳಾಸವಿದ್ದ ಅಮ್ಮನ ಫೋಟೋಗೆ ಚೌಕಟ್ಟು ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದಾರೆ. ನೀರು ಕೊಟ್ಟೆ, ನೀವು ಬರೆದ ಪತ್ರ ತೋರಿಸಿದೆ. ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ನಿಮ್ಮಮ್ಮನ ಮನೇಲಿ ಅಪ್ಪನ್ನೇ ಅಣ್ಣ ಅಂತಿದ್ರು ಕಣಮ್ಮಾ. ನಮ್ಮ ಚಿಕ್ಕಪ್ಪ ಅವರು. ಅವರ ತಮ್ಮಂದಿರು, ತಂಗೀರು ಎಲ್ಲಾ ಒಂದೇ ಮನೇಲಿದ್ರು, ಅವರು ಅಣ್ಣ ಅಣ್ಣ ಅಂತಿದ್ರು, ಮಕ್ಕಳೂ ಕೇಳಿಕೊಂಡು ಹಾಗೇ ಕಲಿತವು. ಚಿಲಕ ಹಾಕಿದ್ದು ಅವಳ ಅಪ್ಪ. ಅವಳಿಗೆ ಒಡಹುಟ್ಟಿದ ಅಣ್ಣ ಯಾರೂ ಇರಲಿಲ್ಲ. ಅವಳೇ ಮೊದಲನೇ ಮಗು. ಕೆಳಗೆ ಒಬ್ಬನೇ ತಮ್ಮ, ನಿಂಗೆ ಕಾಗದ ಬರೀತಾನಲ್ಲಾ, ಅವನೇ."

"ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ? ಹೇಳಬಾರದಿತ್ತಾ?" ಎಂದು ಕಿರುಚಿದೆ.

"ಫೋಟೋ ನೋಡಿ ಮಾತು ಹೊರಡಲಿಲ್ಲಮ್ಮಾ. ಅವತ್ತು ಅವಳನ್ನ ಬಸ್ ಹತ್ತಿಸಿದವನು ನಾನು. ಊರು ಸೇರಿದ ಮೇಲೆ ಬರೀತೀನಿ ಅಂದಿದ್ಲು. ಬರೀಲಿಲ್ಲ. ಸತ್ತಿದಾಳೆ ಅಂತ ನೀನು ಹೇಳಿದ ಮೇಲೇ ನಂಗೆ ಗೊತ್ತಾಗಿದ್ದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬರೆ ಹಾಕಿದ ಕೈ ನನ್ನದು, ಕಬ್ಬಿಣ ಕಾಯಿಸಿ ಕೊಟ್ಟವರು ನೀವು. "ಅಣ್ಣ ಎಂದು ಕರೆಯುವವರಲ್ಲಿ ಈಗ ಬದುಕಿರುವುದು ಒಬ್ಬರೇ." ಎಷ್ಟು ಚೆನ್ನಾಗಿ ಬರೆದಿರಿ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಿಮ್ಮಿಂದ ಕಲಿಯಬೇಕು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಿಮ್ಮಪ್ಪ ಸತ್ತಿದ್ದಾರೆ, ಇವರು ಬದುಕಿದ್ದಾರೆ. ನಿಮ್ಮಪ್ಪನ ಹೆಸರಿಗೆ ಮಸಿ ತಾಗಬಾರದೆಂದು ಆ ದೇವರಂಥ ಮನುಷ್ಯರ ಮುಖಕ್ಕೆ ನನ್ನ ಕೈಯಿಂದಲೇ ಬಳಿಸಿದಿರಿ. ನನ್ನ ಪತ್ರ ಓದಿದ ಮೇಲಾದರೂ ಹೇಳಬಹುದಿತ್ತು. "ಸಂತೋಷ" ಎಂದು ಬರೆದಿರಿ.

ಕೇಳಿ, ನಾನೇನು ಮಾಡುತ್ತಿದ್ದೇನೆ ಎಂದು. ನಿಮ್ಮ ವೃಕ್ಷಕ್ಕೆ ಮನೆ ಮನೆಯಲ್ಲೂ ಗಾಜು ಹಾಕಿದವರು ಇದೇ ಗಾಜಿನ ಮಾವ. ಯಾವ ಮನೆಯ ಗೋಡೆಯಲ್ಲಿ ಯಾವ ಚೌಕಟ್ಟಿದೆ ಎಂಬುದು ಅವರಿಗೆ ಗೊತ್ತು. ಇಬ್ಬರೂ ಹೋಗುತ್ತಿದ್ದೇವೆ. ಅವರು ಹಿಂದಿನ ಮೊಳೆ ಕಿತ್ತು ಹಾಳೆ ತೆಗೆಯುತ್ತಾರೆ, ನಾನು ನಿಮ್ಮಪ್ಪನ ಕೆಳಗೆ, ನಿಮಗಿಂತ ಮೊದಲು, ಅವರಿಂದ ತಿಳಿದ ಅಮ್ಮನ ಹುಟ್ಟಿದಾಗಿನ ಹೆಸರು ಬರೆಯುತ್ತೇನೆ. ಅದರ ಕೆಳಗೆ ನನ್ನದು. ಯಾಕೆ ಬರೆಯುತ್ತೀರಿ ಎಂದು ಆ ಮನೆಯವರು ಕೇಳುತ್ತಾರೆ. ಕೇಳಲಿ ಎಂದೇ ಹೋಗುವುದು. ಚಿಲಕ ಹಾಕಿದವರು ಯಾರು ಎಂದು ಎಲ್ಲರಿಗೂ ಹೇಳುತ್ತೇನೆ. ಮೂರು ಮನೆ ಆಯಿತು.

ಹಲ್ಲು ಮಾಡುವವಳು


ಮೇ ೨೧

ಶ್ರೀಮತಿಯವರಿಗೆ,

ತಾವು ಮಾಡುತ್ತಿರುವುದು ಅನ್ಯಾಯ. ನನ್ನ ತಂದೆ ಕೆಟ್ಟವರಲ್ಲ. ಅಂದಿನ ಕಾಲ ಹಾಗಿತ್ತು. ತಮ್ಮ ತಾಯಿಯನ್ನು ಬರೆಯಬಾರದೆಂದು ಅವರು ಸಾಯುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದರು, ನಾನು ನಡೆಸಿಕೊಟ್ಟೆ. ಗಾಜಿನ ಅಂಗಡಿಯವರ ವಿಷಯದಲ್ಲೂ ನಾನು ಸುಳ್ಳು ಬರೆಯಲಿಲ್ಲ, ತಾವೇ ಒಪ್ಪಿದ್ದೀರಿ. ಹಾಳೆಗಳ ಮೇಲೆ ಏನು ಬೇಕಾದರೂ ಗೀಚಿಕೊಳ್ಳಿ. ನಾನು ಅಡ್ಡ ಬರುವುದಿಲ್ಲ.

ಒಂದು ವಿಷಯ ಕೇಳಬೇಕು. ಮೊದಲ ಪತ್ರದಿಂದ ಕೇಳಬೇಕೆಂದು ಇದ್ದೆ. ಅದಕ್ಕೇ ಸೂಜಿ ಗೀಜಿ ಎಂದು ಏನೇನೋ ಬರೆದದ್ದು.

ಅಂದು ಸಂಜೆ ನಾನು ಮಹಡಿಯ ಕಿಟಕಿಯಲ್ಲಿದ್ದೆ. ಸಣ್ಣವನು. ಅಕ್ಕ ಕೆಳಗೆ ಬಾಗಿಲು ಬಡಿದು ಬಡಿದು ಸುಸ್ತಾಗಿ ಬೀದಿಗಿಳಿದಳು. ಬರಿಗಾಲಲ್ಲಿದ್ದಳು. ಆ ಬೀದಿಯ ತುಂಬ ಜಲ್ಲಿಕಲ್ಲು. ನಾನು ಓಡಿಹೋಗಿ ಅವಳ ಚಪ್ಪಲಿ ತಂದು ಕಿಟಕಿಯಿಂದ ಎಸೆದೆ. ಕೂಗಿ ಹೇಳಿದರೆ ಅಣ್ಣನಿಗೆ ಕೇಳಿಸುತ್ತದೆಂದು ಬಾಯಿ ಬಿಡಲಿಲ್ಲ. ಒಂದು ಅವಳ ಬೆನ್ನಿಗೆ ಬಿತ್ತು. ತಿರುಗಿ ನನ್ನನ್ನು ನೋಡಿದಳು. ಕತ್ತಲಾಗುತ್ತಿತ್ತು, ಮುಖ ಕಾಣಲಿಲ್ಲ. ಆಮೇಲೆ ಹೋಗಿಬಿಟ್ಟಳು.

ಮನೆಯವರೆಲ್ಲ ಬೈದು ಹೊರಗೆ ಹಾಕಿದ ಮೇಲೆ ಮೇಲಿನಿಂದ ಚಪ್ಪಲಿ ಬಂದು ಬೆನ್ನಿಗೆ ಬಿದ್ದರೆ ಯಾರಾದರೂ ಏನು ತಿಳಿಯುತ್ತಾರೆ? ನಾನೂ ಅವರ ಜೊತೆ ಸೇರಿಕೊಂಡು ಹೊಡೆದೆ ಎಂದುಕೊಂಡಳೇ? ಇದೊಂದು ನನ್ನನ್ನು ಇಷ್ಟು ವರ್ಷ ತಿಂದಿದೆ. ಹೆಂಡತಿಗೂ ಹೇಳಿಲ್ಲ. ನಿಮ್ಮ ಹತ್ತಿರ ಆ ಚಪ್ಪಲಿಯ ಮಾತು ಏನಾದರೂ ಆಡಿದ್ದಳೇ? ಏನಿದ್ದರೂ ಸರಿ, ಇದ್ದದ್ದು ಇದ್ದ ಹಾಗೆ ಬರಿ ತಾಯಿ. ಕೈಮುಗಿದು ಕೇಳುತ್ತೇನೆ.

ನಿನ್ನ ಸೋದರಮಾವ


ಜೂನ್ ೨

ಮಾವ,

ಆಡಿದ್ದಳು. ಆಡುತ್ತಲೇ ಇದ್ದಳು. ತವರಿನ ಬಗ್ಗೆ ಅವಳು ಎಚ್ಚರದಲ್ಲಿ ಬಾಯಿ ಬಿಟ್ಟದ್ದು ಅದೊಂದಕ್ಕೇ. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ, ತಮ್ಮನ ಕಥೆ ಮಾತ್ರ ಹೇಳುತ್ತಿದ್ದಳು. "ನಾನು ಮನೆ ಬಿಟ್ಟ ಸಂಜೆ ನನ್ನ ತಮ್ಮ ಕಿಟಕಿಯಿಂದ ನನಗೆ ಚಪ್ಪಲಿ ಎಸೆದ ಕಣೇ. ಅಷ್ಟು ದೊಡ್ಡ ಮನೇಲಿ ಅಕ್ಕನ ಕಾಲಿಗೆ ಕಲ್ಲು ಚುಚ್ಚುತ್ತೆ ಅಂತ ಅನ್ನಿಸಿದ್ದು ಆ ಪುಟ್ಟ ಮುಂಡೇದಕ್ಕೆ ಒಬ್ಬನಿಗೇ" ಎನ್ನುತ್ತಿದ್ದಳು. ಬೆನ್ನಿಗೆ ಬಿದ್ದದ್ದನ್ನೂ ಹೇಳಿ ನಗುತ್ತಿದ್ದಳು: "ಗುರಿ ಮಾತ್ರ ಸೊನ್ನೆ!" ಆ ಚಪ್ಪಲಿಯ ಪಟ್ಟಿ ಹರಿದಾಗಲೆಲ್ಲ ಹೊಲಿಸಿ ಹೊಲಿಸಿ ಹಾಕಿಕೊಂಡಳಂತೆ, ನಾನು ನಡೆಯಲು ಕಲಿಯುವವರೆಗೂ. ಚಪ್ಪಲಿ ಅಂಗಡಿಗೆ ಹೋದರೆ ಹುಡುಗರ ಜೋಡಿಯೊಂದನ್ನು ಕೈಗೆ ತೆಗೆದುಕೊಂಡು, "ಈಗ ಇದು ಅವನ ಹೆಬ್ಬೆರಳಿಗೂ ಆಗಲ್ಲ" ಎಂದು ಇಡುತ್ತಿದ್ದಳು. ಒಂದು ದಿನ ಆ ತಮ್ಮ ಹುಡುಕಿಕೊಂಡು ಬರುತ್ತಾನೆ ಎಂದು ನಂಬಿದ್ದಳು. ನೀವು ಬರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಅತ್ತೆ. ನಾಳೆ ಬೆಳಿಗ್ಗೆ ಅಂಚೆಗೆ ಹಾಕೋಣ ಎಂದುಕೊಂಡೆ. ನೀವು ತೂಕಡಿಸುತ್ತಾ ಇದನ್ನು ಓದುವುದು, ಓದಿ ಎದ್ದು ಕೂರುವುದು, ಇಷ್ಟು ವರ್ಷದ ಭಾರ ಇಳಿಯುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಆಗ ಗಾಜಿನ ಮಾವನ ಫೋನ್ ಬಂತು. ಹೋದ ವಾರ ನಾನು ಅವರ ಬೀದಿಯ ಅಂಗಡಿ ಅಂಗಡಿಗೂ ಹೋಗಿ, ಇವರಲ್ಲ, ತಪ್ಪು ನನ್ನದು ಎಂದು ಹೇಳಿ ಬಂದಿದ್ದೆ. ಎಲ್ಲರೂ ತಲೆಯಾಡಿಸಿದರು. ಯಾರೂ ನಂಬಲಿಲ್ಲ. "ಬಾಯಿ ಮುಚ್ಚಿಸೋಕೆ ಏನೋ ಕೊಟ್ಟಿರಬೇಕು" ಎಂದರಂತೆ. ಬೀದಿಯಲ್ಲಿ ಅವರಿಗೆ ಈಗ ಚಿಲಕದ ಅಣ್ಣ ಎಂದು ಹೆಸರು ಬಿದ್ದಿದೆ. ಮೊಮ್ಮಗಳು ಅಂಗಡಿಗೆ ಬರುವುದನ್ನು ಬಿಟ್ಟಿದ್ದಾಳೆ. "ಹೋಗ್ಲಿ ಬಿಡಮ್ಮಾ, ನಾನಿನ್ನು ಎಷ್ಟು ದಿನ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಫೋನ್ ಇಟ್ಟು ನಿಮ್ಮ ಪತ್ರ ಮತ್ತೆ ಓದಿದೆ. ಗಾಜಿನ ಮಾವನ ಬಗ್ಗೆ ಒಂದೇ ಸಾಲು: ಸುಳ್ಳು ಬರೆಯಲಿಲ್ಲ. ಉಳಿದದ್ದೆಲ್ಲ ನಿಮ್ಮ ನೋವು, ನಿಮ್ಮ ಚಪ್ಪಲಿ.

ಅಮ್ಮನ ಆ ಮಾತು ನನ್ನ ಆಸ್ತಿ. ಕೊಡುವುದೂ ಬಿಡುವುದೂ ನನ್ನ ಇಷ್ಟ. ಈ ಹಾಳೆ ನನ್ನ ಹತ್ತಿರವೇ ಇರಲಿ. ನಿಮಗೆ ಬೇರೆ ಬರೆಯುತ್ತೇನೆ.


ಜೂನ್ ೩

ಮಾನ್ಯರೇ,

ತಮ್ಮ ಪತ್ರ ತಲುಪಿತು. ಇದ್ದದ್ದು ಇದ್ದ ಹಾಗೆ ಬರೆಯಲು ಕೇಳಿದ್ದೀರಿ. ಬರೆಯುತ್ತಿದ್ದೇನೆ, ಒಂದಕ್ಷರ ಸುಳ್ಳಿಲ್ಲ.

ಹೌದು, ಆಡಿದ್ದಳು. ಬೆನ್ನಿಗೆ ಬಿದ್ದದ್ದನ್ನೂ ಹೇಳಿದ್ದಳು. ಸಾಯುವವರೆಗೂ ಅದನ್ನು ಮರೆಯಲಿಲ್ಲ. "ನಾನು ಮನೆ ಬಿಟ್ಟ ಸಂಜೆ ನನ್ನ ತಮ್ಮ ಕಿಟಕಿಯಿಂದ ನನಗೆ ಚಪ್ಪಲಿ ಎಸೆದ" ಎನ್ನುತ್ತಿದ್ದಳು.

ಇಂತಿ,
ಹಲ್ಲು ಮಾಡುವವಳು